ಜಂಬಿಟ್ಟಿಗೆಯೊಳಗಿನ ಲೋಹ

ಹುಮನಾಬಾದ್ ಮತ್ತು ಬಸವಕಲ್ಯಾಣಗಳ ಸುತ್ತಿನ ನೆಲಕ್ಕೆ ಎರಡು ಬಣ್ಣ. ತಗ್ಗಿನ ಹೊಲಗಳಲ್ಲಿ ಕರಿಯ ಎರೆಮಣ್ಣು. ಎತ್ತರದ ಬಯಲುಗಳಲ್ಲಿ ಕೆಂಪು ಜಂಬಿಟ್ಟಿಗೆ. ಇವೆರಡಕ್ಕೂ ಸಂಬಂಧವೇ ಇಲ್ಲವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಇವು ಒಂದೇ ತಾಯಿಯ ಮಕ್ಕಳು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನ ಮೇಲೆ ಹರಿದು ಹೆಪ್ಪುಗಟ್ಟಿದ ಲಾವಾದಿಂದ ಹುಟ್ಟಿದ ಬಸಾಲ್ಟ್ ಶಿಲೆಯೇ ಆ ತಾಯಿ.

ಎತ್ತರದ ನೆಲದಲ್ಲಿ ಮಳೆಯ ನೀರು ಈ ಶಿಲೆಯೊಳಕ್ಕೆ ಇಳಿಯುತ್ತ, ಅದರಲ್ಲಿದ್ದ ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕರಗಿಸಿ ಒಯ್ದಿತು. ಸಿಲಿಕಾದ ಬಹುಭಾಗವೂ ಅವುಗಳ ಹಿಂದೆಯೇ ಹೋಯಿತು. ಸುಲಭವಾಗಿ ಕರಗಲೊಲ್ಲದೆ ಉಳಿದವು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಅವು ಆಮ್ಲಜನಕದೊಡನೆಯೂ ನೀರಿನೊಡನೆಯೂ ಕೂಡಿ ಆಕ್ಸೈಡು, ಹೈಡ್ರಾಕ್ಸೈಡುಗಳಾಗಿ ನಿಂತವು. ಜಂಬಿಟ್ಟಿಗೆಯೆಂದರೆ ಹೀಗೆ ಉಳಿದುಕೊಂಡ ಶೇಷ. ನೆಲದಿಂದ ತೆಗೆದಾಗ ಮೆತ್ತಗಿದ್ದು ಕತ್ತರಿಸಲು ಒದಗುವ ಈ ಕಲ್ಲು, ಗಾಳಿಬಿಸಿಲಿಗೆ ಒಡ್ಡಿದಂತೆಲ್ಲ ಗಟ್ಟಿಯಾಗುತ್ತದೆ. ಅದರಲ್ಲಿನ ಕಬ್ಬಿಣದ ಸಂಯುಕ್ತಗಳು ನೀರನ್ನು ಬಿಟ್ಟು ಹರಳುಗಟ್ಟುವುದೇ ಇದಕ್ಕೆ ಕಾರಣ. ಮಲಬಾರಿನಲ್ಲಿ ಇದನ್ನು ಕಂಡ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಇಟ್ಟಿಗೆಯೆಂಬ ಅರ್ಥದ ಲ್ಯಾಟಿನ್ ಪದದಿಂದ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟನು. ನಮ್ಮ ಹೆಸರಿನಲ್ಲಿಯೂ ಇಟ್ಟಿಗೆ ಇದೆಯಷ್ಟೆ!

ಈ ಕಲ್ಲಿಗೆ ಕೆಂಪನ್ನು ಕೊಡುವುದು ಹೆಮಟೈಟ್ ಎಂಬ ಕಬ್ಬಿಣದ ಆಕ್ಸೈಡು. ಅದರ ಹರಳಿನ ಒಳರಚನೆ ಸೊಗಸಾದುದು. ಸಂತೆಯಲ್ಲಿ ಮೋಸಂಬಿಗಳನ್ನು ಒತ್ತಾಗಿ ಒಟ್ಟಿದಂತೆ ಆಮ್ಲಜನಕದ ಅಯಾನುಗಳು ಪದರಪದರವಾಗಿ ಕುಳಿತಿರುತ್ತವೆ. ಪದರಗಳ ನಡುವಣ ಸಂದುಗಳಲ್ಲಿ, ಪ್ರತಿ ಮೂರರಲ್ಲಿ ಎರಡರಂತೆ, ಕಬ್ಬಿಣದ ಅಯಾನುಗಳು ಸೇರಿಕೊಂಡಿವೆ. ಒಂದೊಂದರ ಸುತ್ತಲೂ ಆರು ಆಮ್ಲಜನಕಗಳ ಕಾವಲು. ಕಬ್ಬಿಣವಿದ್ದಲ್ಲಿ ಅಲ್ಯೂಮಿನಿಯಮನ್ನು ಇರಿಸಿದರೆ ಅದೇ ಕಟ್ಟಡ ಸಾಣೆಗೆ ಬಳಸುವ ಕುರಂದವಾಗುತ್ತದೆ. ಅದರೊಳಗೆ ತುಸು ಕ್ರೋಮಿಯಂ ಬೆರೆತರೆ ಮಾಣಿಕ್ಯ. (ಹುಮನಾಬಾದಿನ ನೆರೆಯ ಮಾಣಿಕನಗರಕ್ಕೆ ಆ ಹೆಸರು ಬಂದುದು ಮಾಣಿಕಪ್ರಭುಗಳಿಂದ, ಈ ರತ್ನದಿಂದಲ್ಲ.) ಜಂಬಿಟ್ಟಿಗೆಯಲ್ಲಿ ಅಲ್ಯೂಮಿನಿಯಂ ಇರುವುದು ಹೈಡ್ರಾಕ್ಸೈಡಾಗಿ ಮತ್ತು ಜೇಡಿಯಾಗಿ. ಹೈಡ್ರಾಕ್ಸೈಡನ್ನು ಬಲವಾಗಿ ಕಾಯಿಸಿದರೆ ನೀರು ಹೋಗಿ ಕುರಂದದ ರಚನೆ ಬರುತ್ತದೆ.

ಅಯಾನುಗಳ ಈ ಬಿಗಿಹಿಡಿತದಿಂದಲೇ ಲೋಹ ತೆಗೆಯುವವರಿಗೆ ತೊಡಕು ಒದಗಿತು. ಅಲ್ಯೂಮಿನಿಯಂ ಆಕ್ಸೈಡು ಕರಗಲು 2,000 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಶಾಖ ಬೇಕು. 1886ರಲ್ಲಿ ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಎರೂ, ಒಬ್ಬರನ್ನೊಬ್ಬರು ಅರಿಯದೆಯೇ, ಒಂದೇ ಉಪಾಯವನ್ನು ಕಂಡುಕೊಂಡರು. ಇಬ್ಬರೂ ಆಗಿನ್ನೂ ಇಪ್ಪತ್ತಮೂರರ ಆಸುಪಾಸಿನ ತರುಣರು. ಸೋಡಿಯಂ, ಅಲ್ಯೂಮಿನಿಯಂ, ಫ್ಲೋರಿನ್‌ಗಳಿಂದಾದ ಕ್ರಯೋಲೈಟ್ ಎಂಬ ಫ್ಲೋರೈಡನ್ನು ಕರಗಿಸಿ, ಆ ದ್ರವದಲ್ಲಿ ಆಕ್ಸೈಡನ್ನು ಬೆರೆಸಿದರು. ಕ್ರಯೋಲೈಟಿನ ಹರಳಿನಲ್ಲಿಯೂ ಪ್ರತಿ ಅಲ್ಯೂಮಿನಿಯಮಿನ ಸುತ್ತ ಆರು ನೆರೆಯವರೇ. ಆದರೆ ಅವು ಫ್ಲೋರಿನ್. ಆಮ್ಲಜನಕದ ಅಯಾನಿಗಿರುವ ವಿದ್ಯುದಂಶದಲ್ಲಿ ಫ್ಲೋರಿನ್ನಿನದು ಅರ್ಧ. ಆದುದರಿಂದ ಹಿಡಿತ ಸಡಿಲ. ಮಿಶ್ರಣ ಸುಮಾರು 960 ಡಿಗ್ರಿಯಲ್ಲಿಯೇ ದ್ರವವಾಗಿರುತ್ತದೆ. ವಿದ್ಯುತ್ತನ್ನು ಹರಿಸಿದರೆ ಲೋಹವು ತಳದಲ್ಲಿ ಶೇಖರವಾಗುತ್ತದೆ. ಗ್ರೀನ್‌ಲೆಂಡಿನ ಕ್ರಯೋಲೈಟ್ ಗಣಿ 1987ರಲ್ಲಿ ಬರಿದಾಯಿತು. ಕೈಗಾರಿಕೆಗೆ ಬೇಕಾದುದನ್ನು ಈಗ ಹೈಡ್ರೋಫ್ಲೋರಿಕ್ ಆಮ್ಲದಿಂದ ಕೃತಕವಾಗಿ ತಯಾರಿಸುತ್ತಾರೆ.

ಹಾಗಾದರೆ ಇಷ್ಟೊಂದು ಜಂಬಿಟ್ಟಿಗೆಯುಳ್ಳ ಈ ನಾಡಿನಲ್ಲಿ ಅಲ್ಯೂಮಿನಿಯಂ ಕಾರ್ಖಾನೆ ಏಕಿಲ್ಲ? ಬಸವಕಲ್ಯಾಣದ ದಕ್ಷಿಣಕ್ಕೆ ಬಾಕ್ಸೈಟ್ ಜೇಡಿಯ ನಿಕ್ಷೇಪವೊಂದು ಉಂಟು. ಆದರೆ ಅದರಲ್ಲಿ ಸಿಲಿಕಾ ವಿಪರೀತ. ಅದಿರನ್ನು ಶುದ್ಧಗೊಳಿಸಲು ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿದಾಗ ಜೇಡಿಯ ಸಿಲಿಕಾವು ಸೋಡಾವನ್ನೂ ಅಲ್ಯೂಮಿನಾವನ್ನೂ ತನ್ನೊಡನೆ ಕಟ್ಟಿಕೊಂಡು ಕರಗದ ಗಸಿಯಾಗಿ ಕೂರುತ್ತದೆ. ದುಬಾರಿಯ ಸೋಡಾ ವ್ಯರ್ಥ. ಬೇಕಾದ ವಸ್ತುವೂ ನಷ್ಟ. ಮಳೆಯು ತೊಳೆದು ಮುಗಿಸದ ಕೆಲಸವನ್ನು ಮನುಷ್ಯನು ಲಾಭದಿಂದ ಮುಗಿಸಲಾರನು. ಬೆಳಗಾವಿಯ ಅಲ್ಯೂಮಿನಾ ಕಾರ್ಖಾನೆಯಂಥವು ಸಿಲಿಕಾ ಕಡಿಮೆಯಿರುವ ಬಾಕ್ಸೈಟನ್ನೇ ಅರಸುವುದು ಇದರಿಂದಾಗಿ. ಬಸವಕಲ್ಯಾಣದ ಜೇಡಿ ಲೋಹಕ್ಕೆ ಒದಗದಿದ್ದರೂ, ಕುಲುಮೆಗಳ ಒಳಗೋಡೆಗೆ ಹಾಕುವ ಬೆಂಕಿ ಇಟ್ಟಿಗೆಗೆ ಒದಗಬಹುದೆಂದು ತಿಳಿದವರ ಅಭಿಪ್ರಾಯ. ಅಲ್ಲಿ ಬೇಕಾದುದು ಸುಲಭವಾಗಿ ಕರಗದ ವಸ್ತುವೇ.