ಮೀಟರ್ ನಂಬಿ ಕೆಟ್ಟೆ!

ನಮ್ಮ ಕಡೆ ಟಾರ್ಚನ್ನು ಯಾರೂ ಟಾರ್ಚ್ ಅನ್ನುವುದಿಲ್ಲ, ಅದು ‘ಬ್ಯಾಟ್ರಿ’. ಒಳಗಿರುವುದು ‘ಶೆಲ್ಲು’. ಚನ್ನಪಟ್ಟಣ, ಕನಕಪುರದ ಕಾಡಂಚಿನ ಊರುಗಳಲ್ಲಿ ರಾಗಿ ತೆನೆ ಬಲಿಯುವ ಹೊತ್ತಿಗೆ ಆನೆಗಳು ಬರುತ್ತವೆ. ರಾತ್ರಿ ಕಾವಲಿಗೆ ಹೋಗುವವರ ಕೈಯಲ್ಲಿ ಮೂರು ಶೆಲ್ಲಿನ ಬ್ಯಾಟ್ರಿ ಇರಲೇಬೇಕು. ಮೊಬೈಲ್ ಬೆಳಕು ಹೊಲದ ಆ ತುದಿಗೆ ಮುಟ್ಟುವುದಿಲ್ಲ.

ಹೋದ ವರ್ಷ ಹೊಸದಾಗಿ ಕೊಂಡ ಮಲ್ಟಿಮೀಟರ್‌ನಲ್ಲಿ ಮನೆಯ ಹಳೇ ಶೆಲ್ಲುಗಳನ್ನು ಅಳೆದೆ. ಮೂರರಲ್ಲೂ 1.4 ವೋಲ್ಟ್. ಹೊಸದರ ಮೇಲೇ 1.5 ಎಂದು ಬರೆದಿರುತ್ತದಲ್ಲ, ‘ಇನ್ನೂ ಚೆನ್ನಾಗಿವೆ’ ಎಂದು ಚಿಕ್ಕಪ್ಪನಿಗೆ ಕೊಟ್ಟೆ. ನಡುರಾತ್ರಿ ಹೊಲದಲ್ಲಿ ಸದ್ದಾಗಿ ಅವರು ಗುಂಡಿ ಒತ್ತಿದರೆ ಬಲ್ಬು ಬೀಡಿ ತುದಿಯ ಹಾಗೆ ಕೆಂಪಗಾಯಿತಷ್ಟೆ. ಆನೆ ಯಾವ ಕಡೆ ಇದೆ ಎಂದೇ ತಿಳಿಯದೆ, ಸದ್ದು ನಿಲ್ಲುವ ತನಕ ಅಟ್ಟಣೆಯ ಮೇಲೆ ಉಸಿರು ಬಿಗಿಹಿಡಿದು ಕೂತಿದ್ದರಂತೆ. ಬೆಳಿಗ್ಗೆ ಬಂದವರು ‘ಏನ್ಲಾ, ನಿನ್ ಮೀಟ್ರು ಯಾವೂರ್ದು?’ ಅಂದರು.

ತಪ್ಪು ಮೀಟರಿನದಲ್ಲ, ನನ್ನದು. ವೋಲ್ಟ್ ಅಳೆಯುವಾಗ ಮೀಟರು ಶೆಲ್ಲಿನಿಂದ ಕರೆಂಟನ್ನು ಎಳೆಯುವುದೇ ಇಲ್ಲ ಅನ್ನುವಷ್ಟು ಕಡಿಮೆ. ಪಾಚಿ ಕಟ್ಟಿದ ಪೈಪಿನಲ್ಲೂ ನಲ್ಲಿ ಮುಚ್ಚಿದ್ದಾಗ ಒತ್ತಡ ಸರಿಯಾಗೇ ಇರುತ್ತದೆ, ತಿರುಗಿಸಿದಾಗಲೇ ತೊಟ್ಟಿಕ್ಕುವುದು. ಶೆಲ್ಲು ಹಳತಾದಂತೆ ಅದರೊಳಗೂ ಹೀಗೇ ಅಡ್ಡಿ ಬೆಳೆಯುತ್ತದೆ. ಹಾಗಾಗಿ ಕೆಲಸ ಕೊಟ್ಟು ನೋಡಬೇಕು.

ನಾನು ಮಾಡಿದ್ದು ಇಷ್ಟೆ. ಗೊಂಬೆ ಕಡೆಯುವವರ ಹತ್ತಿರ ಕೇಳಿ ತಂದ ಆಲೆ ಮರದ ತುಂಡು, ಕೆಟ್ಟ ಬ್ಯಾಟ್ರಿಯ ಸ್ಪ್ರಿಂಗು, ಒಂದು ತಗಡು, ಅರ್ಧ ವ್ಯಾಟಿನ 10 ಓಮ್ ರೆಸಿಸ್ಟರ್ ಎರಡು (ಕಂದು, ಕಪ್ಪು, ಕಪ್ಪು ಪಟ್ಟಿಯವು). ರೆಸಿಸ್ಟರ್‌ಗಳನ್ನು ಅಕ್ಕಪಕ್ಕ ಜೋಡಿಸಿ ತುದಿಗೆ ತುದಿ ಹೊಸೆದರೆ 5 ಓಮ್. ಒಂದು ಶೆಲ್ಲು ಇದಕ್ಕೆ ಸುಮಾರು 0.3 ಆಂಪಿಯರ್ ಕೊಡಬೇಕಾಗುತ್ತದೆ, ಹೆಚ್ಚುಕಡಿಮೆ ಟಾರ್ಚಿನ ಬಲ್ಬು ಎಳೆಯುವಷ್ಟೇ. ಸ್ಪ್ರಿಂಗು, ತಗಡಿನ ನಡುವೆ ಶೆಲ್ಲು ಕೂರಿಸಿ, ಮಧ್ಯೆ ಒಂದು ಬೆಲ್ ಸ್ವಿಚ್ಚು ಹಾಕಿದೆ. ಮೀಟರನ್ನು 20 ವೋಲ್ಟ್ ಡಿ.ಸಿ.ಗೆ ಇಟ್ಟು ಶೆಲ್ಲಿನ ಎರಡು ತುದಿಗೆ ಮುಟ್ಟಿಸಿ, ಸ್ವಿಚ್ಚನ್ನು ಐದು ಸೆಕೆಂಡ್ ಒತ್ತಿ ನೋಡಬೇಕು. ಮೀಟರು ಆಂಪಿಯರ್‌ನಲ್ಲಿದ್ದರೆ ನೇರ ಶಾರ್ಟ್! ಬೈಕಿನ 12 ವೋಲ್ಟ್ ಬ್ಯಾಟರಿಗೆ ಹಚ್ಚಿದರೆ ರೆಸಿಸ್ಟರ್ ಸುಟ್ಟುಹೋಗುತ್ತದೆ, ಬೆರಳೂ ಸುಡುತ್ತದೆ. ಮೊಬೈಲ್ ಬ್ಯಾಟರಿಯ ತಂಟೆಯಂತೂ ಬೇಡವೇ ಬೇಡ.

ಅದೇ ಮೂರು ಶೆಲ್ಲುಗಳನ್ನು ಮತ್ತೆ ಇಟ್ಟೆ. ಎರಡು 1.25ಕ್ಕೆ ನಿಂತವು. ಮೂರನೆಯದು ನೋಡನೋಡುತ್ತಲೇ 0.7ಕ್ಕೆ ಕುಸಿಯಿತು. ಟಾರ್ಚಿನೊಳಗೆ ಸಾಲಾಗಿ ಕೂತ ಮೂರಕ್ಕೂ ಹರಿಯುವುದು ಒಂದೇ ಕರೆಂಟು, ಒಂದು ಕೈಕೊಟ್ಟರೆ ಉಳಿದೆರಡೂ ಕಟ್ಟಿಹಾಕಿದಂತೆ. ಇಷ್ಟು ವರ್ಷ ಒಂದರ ತಪ್ಪಿಗೆ ಮೂರನ್ನೂ ಎಸೆದಿದ್ದೇವೆ.

ಈಗ ಒತ್ತಿದಾಗಲೂ 1.3 ದಾಟಿದವು ಮಾತ್ರ ಕಾವಲಿಗೆ. ಅದಕ್ಕಿಂತ ಇಳಿದವು ಮನೆಯ ಟಾರ್ಚಿಗೆ, ಒಂದೇ ಅಳತೆ ತೋರಿಸುವುದನ್ನು ಜೊತೆ ಮಾಡಿ. ಚಿಕ್ಕಪ್ಪ ಹೊರಡುವ ಮೊದಲು ತಾವೇ ಸ್ವಿಚ್ಚು ಒತ್ತಿ ನೋಡುತ್ತಾರೆ, ನನ್ನ ಮಾತು ಕೇಳುವುದಿಲ್ಲ.

ಆ 0.7ರ ಶೆಲ್ಲಿಗೆ ಎರಡು ತಂತಿ ಎಳೆದು ಗೋಡೆ ಗಡಿಯಾರಕ್ಕೆ ಕೊಟ್ಟಿದ್ದೇನೆ. ಗಡಿಯಾರ ಎಳೆಯುವುದು ತೀರಾ ಕಡಿಮೆ ಕರೆಂಟು. ದಪ್ಪ ಶೆಲ್ಲು ಹೀಗೆ ಕೆಳಗೆ ಜೋತಾಡುವುದು ಅವ್ವನಿಗೆ ಇಷ್ಟವಿಲ್ಲ. ಟೈಮು ಮಾತ್ರ ಸರಿಯಾಗಿದೆ.