ಕ್ರಿಕೆಟ್ ಬ್ಯಾಟಿನ ಆರೈಕೆ



ತಲಕಾಡಿನ ಸ್ಥಳಪುರಾಣವನ್ನು ತಮ್ಮಲ್ಲಿ ಅನೇಕರು ಕೇಳಿರಬಹುದು. ತಲ, ಕಾಡ ಎಂಬ ಇಬ್ಬರು ಬೇಡರು, ಆನೆಗಳು ಪೂಜಿಸುತ್ತಿದ್ದ ಬೂರುಗದ ಮರವೊಂದನ್ನು ಕಂಡು, ಅದರ ಮರ್ಮವೇನೆಂದು ತಿಳಿಯಲು ಕೊಡಲಿಯಿಂದ ಕಡಿದರಂತೆ. ಮರದಿಂದ ನೆತ್ತರು ಸುರಿಯಿತು. ಅದೇ ಮರದ ಎಲೆಯನ್ನೂ ಕಾಯನ್ನೂ ಗಾಯಕ್ಕೆ ಕಟ್ಟಿರೆಂದು ಅಶರೀರವಾಣಿಯಾಯಿತು. ಕಟ್ಟಲು, ನೆತ್ತರು ಹಾಲಾಗಿ ಗಾಯ ಮಾಯಿತು. ತನಗೆ ತಾನೇ ಮದ್ದು ಮಾಡಿಕೊಂಡ ಶಿವನು ಅಲ್ಲಿ ವೈದ್ಯೇಶ್ವರನೆನಿಸಿದನು. ಪುರಾಣದ ಮಾತು ಪುರಾಣಕ್ಕಿರಲಿ. ಬೇರಿನ ಮೇಲೆ ನಿಂತ ಮರವು ತನ್ನ ಗಾಯವನ್ನು ತಾನೇ ಮುಚ್ಚಿಕೊಳ್ಳುತ್ತದೆಂಬುದು ಸಸ್ಯಶಾಸ್ತ್ರಜ್ಞರೂ ಒಪ್ಪುವ ಸಂಗತಿ. ಆದರೆ ಕಡಿದು, ಸೀಳಿ, ಒಣಗಿಸಿ, ಬ್ಯಾಟಾಗಿ ಕೆತ್ತಿದ ಮರಕ್ಕೆ ಆ ಶಕ್ತಿಯಿಲ್ಲ. ಅದರ ವೈದ್ಯವನ್ನು ಆಡುವವನೇ ಮಾಡಬೇಕು.

ತಲಕಾಡಿನ ಸೀಮೆಯಲ್ಲಿ, ಮಾಧವಮಂತ್ರಿ ಕಟ್ಟೆಯ ನಾಲೆಯ ನೀರಿನಿಂದ ಬೆಳೆದ ಭತ್ತದ ಕೊಯ್ಲು ಮುಗಿಯಿತೆಂದರೆ ಗದ್ದೆಯ ಬಯಲೇ ಹುಡುಗರಿಗೆ ಮೈದಾನ. ಹಳ್ಳಿಯ ಇಂಥ ಆಟದಲ್ಲಿ ಹತ್ತು ಹನ್ನೆರಡು ಮಂದಿಗೆ ಒಂದೇ ಒಳ್ಳೆಯ ಬ್ಯಾಟಿರುವುದು ಸಾಮಾನ್ಯ. ಅದೂ ಎಲ್ಲರೂ ಕಾಸು ಕೂಡಿಸಿ ಕೊಂಡದ್ದು. ಅದು ಸಂಕ್ರಾಂತಿಗೆ ಬಂದು ಯುಗಾದಿಗೆ ಸೀಳಿದರೆ ಆ ವರ್ಷದ ಆಟವೇ ನಿಂತಿತು. ಪಟ್ಟಣದಲ್ಲಿ ಮಗನಿಗೆ ಇಂಗ್ಲೆಂಡಿನ ಮರದ ಬ್ಯಾಟನ್ನು ಕೊಡಿಸಿದ ತಂದೆಗೂ ಅದು ಹಗುರವಾದ ನಷ್ಟವಲ್ಲ. ಹಾಗೆ ಕೆಡುವ ಬ್ಯಾಟುಗಳಲ್ಲಿ ಹಲವು ಚೆಂಡಿನ ಏಟಿನಿಂದ ಕೆಡುವುದಿಲ್ಲ. ನೀರಿನಿಂದಲೂ, ಆಡುವವನ ಅತಿಯಾದ ಪ್ರೀತಿಯಿಂದಲೂ ಕೆಡುತ್ತವೆ.

ಬ್ಯಾಟಿನ ಮರವಾದ ವಿಲ್ಲೋ ನೀರಿನ ಆಸರೆಯಲ್ಲಿ ಬೆಳೆಯುವಂಥದು. ಅದರ ದಾಯಾದಿಯಾದ ನೀರುವಂಜಿ ನಮ್ಮ ಹೊಳೆಗಳ ದಡದಲ್ಲಿಯೂ ಉಂಟು. ಆದರೆ ಬ್ಯಾಟಿಗೆ ಒದಗುವುದು ಇಂಗ್ಲೆಂಡಿನ ಬಿಳಿಯ ವಿಲ್ಲೋ, ಮತ್ತು ಕಾಶ್ಮೀರದಲ್ಲಿ ಬೆಳೆಸಿದ ವಿಲ್ಲೋ. ನಮ್ಮ ಗಟ್ಟಿಮುಟ್ಟಾದ ತೇಗ, ಹೊನ್ನೆಗಳೇಕೆ ಆಗಬಾರದೆಂದು ಕೇಳುವವರುಂಟು. ಗಟ್ಟಿತನವೊಂದೇ ಸಾಲದು. ವಿಲ್ಲೋ ಹಗುರವಾದದ್ದು, ಅದರ ಎಳೆಗಳು ಏಟಿಗೆ ತುಸು ತಗ್ಗಿ, ಒಡೆಯದೆ ಚೆಂಡನ್ನು ಚಿಮ್ಮಿಸುತ್ತವೆ. 1979ರಲ್ಲಿ ಆಸ್ಟ್ರೇಲಿಯದ ಡೆನ್ನಿಸ್ ಲಿಲ್ಲಿ ಪರ್ತಿನಲ್ಲಿ ಅಲ್ಯೂಮಿನಿಯಂ ಬ್ಯಾಟು ಹಿಡಿದು ಬಂದು ದೊಡ್ಡ ರಂಪವಾಯಿತು. ಆಮೇಲೆ ಅಲಗು ಮರದ್ದೇ ಆಗಿರತಕ್ಕದ್ದೆಂದು ಆಟದ ಕಟ್ಟಳೆಯಲ್ಲಿ ಬರೆದರು. ಮರವೆಂದ ಮೇಲೆ ಮರದ ದೋಷಗಳೂ ಜೊತೆಯಲ್ಲಿಯೇ ಬಂದವು.

ಮರವನ್ನು ಉದ್ದಕ್ಕೆ ಜೋಡಿಸಿದ ಸೂಕ್ಷ್ಮ ಕೊಳವೆಗಳ ಕಂತೆಯೆಂದು ಭಾವಿಸಬಹುದು. ಬದುಕಿದ್ದಾಗ ಈ ಕೊಳವೆಗಳಲ್ಲಿ ನೀರು ಬೇರಿನಿಂದ ಎಲೆಗೆ ಏರುತ್ತಿತ್ತು. ಮರ ಸತ್ತರೂ ಕೊಳವೆಗಳು ತಮ್ಮ ಹಳೆಯ ಅಭ್ಯಾಸವನ್ನು ಬಿಡವು: ಗಾಳಿ ಒಣಗಿದ್ದರೆ ನೀರನ್ನು ಬಿಡುತ್ತವೆ, ತೇವವಿದ್ದರೆ ಹೀರುತ್ತವೆ. ಬಿಟ್ಟಾಗ ಮರ ಕುಗ್ಗುತ್ತದೆ, ಹೀರಿದಾಗ ಹಿಗ್ಗುತ್ತದೆ. ಕೊಳವೆಯ ಬಾಯಿಗಳು ತೆರೆದಿರುವುದು ತುದಿಗಳಲ್ಲಿ. ಆದುದರಿಂದಲೇ ಸೀಳಿದ ವಿಲ್ಲೋ ತುಂಡುಗಳನ್ನು ಒಣಗಲಿಡುವಾಗ ತುದಿಗಳಿಗೆ ಮೇಣ ಬಳಿಯುತ್ತಾರೆ. ಇಲ್ಲದಿದ್ದರೆ ನೀರು ಅಲ್ಲಿ ಬೇಗ ಹೊರಟು ಮರ ಬಿರಿಯುತ್ತದೆ. ಚೆನ್ನಾಗಿ ಹದವಾದ ಬ್ಯಾಟಿನ ಮರದಲ್ಲಿಯೂ ನೂರಕ್ಕೆ 10–12 ಭಾಗದಷ್ಟು ನೀರು ಉಳಿದಿರುತ್ತದೆ, ಉಳಿದಿರಲೂ ಬೇಕು.

ಈಗ ನಮ್ಮ ಗದ್ದೆಬಯಲಿಗೆ ಬರೋಣ. ಬ್ಯಾಟಿನಲ್ಲಿ ಬಾಯಿ ತೆರೆದಿರುವ ತುದಿಯೆಂದರೆ ಅದರ ಬುಡ. ನೆಲಕ್ಕೆ ತಗಲುವುದೂ ಅದೇ. ಹುಡುಗರು ಇಬ್ಬನಿ ಬಿದ್ದ ನೆಲವನ್ನು ಅದರಿಂದ ಕುಟ್ಟುತ್ತಾರೆ. ವಿಕೆಟ್ಟಿನ ಕಡ್ಡಿ ಸಾಲದಾದರೆ ಇನ್ನೊಂದು ಬ್ಯಾಟನ್ನೇ ಮಣ್ಣಿನಲ್ಲಿ ನೆಡುತ್ತಾರೆ. ಹೊಳೆಯಂಚಿನ ಮರಳಂತೂ ದೊಡ್ಡ ವಂಚಕ: ಮೇಲೆ ಕಾಲು ಸುಡುವ ಹುಡಿ, ಒಂದು ಗೇಣು ತೋಡಿದರೆ ತೇವ. ಅಲ್ಲಿ ನೆಟ್ಟ ಬ್ಯಾಟು ದೀಪದ ಬತ್ತಿ ಎಣ್ಣೆಯನ್ನು ಸೆಳೆಯುವಂತೆ ನೀರನ್ನು ಸೆಳೆದು ಬುಡದಲ್ಲಿ ಉಬ್ಬುತ್ತದೆ. ಒದ್ದೆಯಾಯಿತೆಂದು ಅದನ್ನು ಬಿಸಿಲಿಗೋ ಒಲೆಯ ಬಳಿಗೋ ಇಟ್ಟರೆ ಎರಡನೆಯ ಅನಾಹುತ: ಹೊರಪದರ ಬೇಗ ಕುಗ್ಗಿ, ಒಳಭಾಗ ಹಿಗ್ಗಿಯೇ ಇದ್ದು, ನಡುವೆ ಸೀಳು ಬಿಡುತ್ತದೆ. ಒದ್ದೆಯಾದ ಬ್ಯಾಟನ್ನು ಬಟ್ಟೆಯಿಂದ ಒರಸಿ, ನೆರಳಿನಲ್ಲಿ, ಗಾಳಿಯಾಡುವ ಕಡೆ ಮಲಗಿಸುವುದೇ ಸರಿಯಾದ ಉಪಚಾರ. ಆಟವಿಲ್ಲದ ಕಾಲದಲ್ಲಿ ಅದನ್ನು ತಗಡಿನ ಮಾಡಿನ ಕೆಳಗಿನ ಅಟ್ಟದಲ್ಲಿಯೂ ಬಿಸಿಲಲ್ಲಿ ನಿಂತ ಕಾರಿನಲ್ಲಿಯೂ ಇಡಕೂಡದು.

ಎಣ್ಣೆಯ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳತಕ್ಕದ್ದು. ಬ್ಯಾಟಿಗೆ ಹಾಕುವುದು ಅಗಸೆಬೀಜದ ಹಸಿಯೆಣ್ಣೆ. ನಮ್ಮ ಕಡೆ ಅಗಸೆಯೆಂದರೆ ಸೊಪ್ಪಿನ ಮರ ನೆನಪಾಗುತ್ತದೆ. ಇದು ಅದಲ್ಲ, ಉತ್ತರ ಕರ್ನಾಟಕದವರು ಚಟ್ನಿಪುಡಿ ಮಾಡುವ ಹೊಳಪಿನ ಬೀಜ. ಮನೆಯಲ್ಲಿರುವ ಕೊಬ್ಬರಿ ಎಣ್ಣೆಯೋ ಎಳ್ಳೆಣ್ಣೆಯೋ ಆಗದೇ ಎಂದರೆ, ಆಗದು. ಅವು ಎಷ್ಟು ದಿನವಾದರೂ ಎಣ್ಣೆಯಾಗಿಯೇ ಉಳಿಯುತ್ತವೆ. ಅಗಸೆಯೆಣ್ಣೆ ಗಾಳಿಯಲ್ಲಿನ ಆಮ್ಲಜನಕವನ್ನು ಹಿಡಿದು ಗಟ್ಟಿಯಾಗಿ ತೆಳುವಾದ ಪೊರೆಯಾಗುತ್ತದೆ. ನೀರು ಒಳಗೆ ಹೋಗುವುದನ್ನೂ ಹೊರಗೆ ಬರುವುದನ್ನೂ ನಿಧಾನಗೊಳಿಸುತ್ತದೆ. ಎಣ್ಣೆಯ ಕೆಲಸ ಇಷ್ಟೇ. ಮರಕ್ಕೆ ಅದು ಆಹಾರವಲ್ಲ. ಇದನ್ನು ಮರೆತು, ಮಗುವಿಗೆ ಅಭ್ಯಂಜನ ಮಾಡಿಸುವಂತೆ ಸುರಿದು ತಿಕ್ಕುವವರ ಬ್ಯಾಟು ಭಾರವಾಗಿ, ಎಳೆ ಮೆತ್ತಗಾಗಿ, ಜೀವ ಸತ್ತಂತಾಗುತ್ತದೆ. ಒಂದು ಸಾರಿಗೆ ಒಂದು ಚಮಚ ಸಾಕು. ಮುಖ, ಅಂಚು, ಬುಡಗಳಿಗೆ ತೆಳುವಾಗಿ ಸವರಿ, ಒಂದು ದಿನ ಅಡ್ಡಲಾಗಿ ಮಲಗಿಸಿ, ಹೀಗೆಯೇ ಎರಡು ಮೂರು ಸಲ ಮಾಡಬೇಕು. ಬೆತ್ತದ ಹಿಡಿ ಅಲಗಿನೊಳಗೆ ಕೂಡಿಕೊಂಡಿರುವ ಜಾಗಕ್ಕೆ ಎಣ್ಣೆ ಸೋಕಬಾರದು. ಅಲ್ಲಿಯ ಅಂಟು ಸಡಿಲವಾದೀತು. ಮುಖಕ್ಕೆ ಪಾರದರ್ಶಕ ಹಾಳೆ ಅಂಟಿಸಿದ ಬ್ಯಾಟಾದರೆ ಹಾಳೆಯ ಮೇಲೆ ಎಣ್ಣೆ ಸವರುವುದು ಬರಿಯ ಸಂಭ್ರಮ. ಇನ್ನೊಂದು ಎಚ್ಚರಿಕೆ: ಈ ಎಣ್ಣೆ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ. ಎಣ್ಣೆ ಕುಡಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆಸೆದರೆ ತಾನಾಗಿ ಹೊತ್ತಿಕೊಳ್ಳಬಹುದು. ಅದನ್ನು ಹೊರಗೆ ಬಿಡಿಸಿ ಹರಡಿ ಒಣಗಿಸಬೇಕು.

ಹೊಸ ಬ್ಯಾಟನ್ನು ನೇರವಾಗಿ ಗಟ್ಟಿಚೆಂಡಿಗೆ ಒಡ್ಡಕೂಡದು. ಕಾರ್ಖಾನೆಯಲ್ಲಿ ಅದನ್ನು ಉರುಳೆಯಿಂದ ಒತ್ತಿರುತ್ತಾರೆ. ಆದರೂ ಮೇಲಿನ ಎಳೆಗಳು ಇನ್ನೂ ಎಳಸು. ಮರದ ಕೊಡತಿಯಿಂದಾಗಲಿ, ಕಾಲುಚೀಲದೊಳಗೆ ಹಾಕಿದ ಹಳೆಯ ಚೆಂಡಿನಿಂದಾಗಲಿ ಮುಖವನ್ನು ಮೊದಲು ಮೆಲ್ಲಗೆ, ದಿನದಿನಕ್ಕೆ ಬಲವಾಗಿ ತಟ್ಟಬೇಕು. ಒಟ್ಟು ಆರು ಗಂಟೆಯಾದರೂ ಹಿಡಿಯುವ ಕೆಲಸವಿದು. ಮನೆಯವರ ತಾಳ್ಮೆಗೂ ಪರೀಕ್ಷೆ. ಅಂಚನ್ನು ಓರೆಯಾಗಿ ತಟ್ಟಿ ದುಂಡಗೆ ಮಾಡಬೇಕೇ ಹೊರತು ನೇರವಾಗಿ ಹೊಡೆಯಬಾರದು, ಬುಡವನ್ನಂತೂ ಹೊಡೆಯಲೇಬಾರದು. ಆಮೇಲೆ ಹಳೆಯ ಚೆಂಡಿನಿಂದ ಮೆಲ್ಲನೆ ಆಡಿ ನೋಡಿ, ಮುಖದ ಮೇಲೆ ಚೆಂಡಿನ ಹೊಲಿಗೆಯ ಗುರುತು ಆಳವಾಗಿ ಮೂಡಿದರೆ ಇನ್ನೂ ತಟ್ಟಬೇಕೆಂದು ತಿಳಿಯಬೇಕು. ಮೆತ್ತನೆಯ ಟೆನ್ನಿಸ್ ಚೆಂಡಿನಲ್ಲಿ ಆಡುವವರಿಗೆ ಇಷ್ಟೆಲ್ಲ ಬೇಡ.

ಇಷ್ಟು ಮಾಡಿದರೆ ಓಟಗಳು ಬಂದಾವೆಂದು ನಾನು ಭರವಸೆ ಕೊಡಲಾರೆ. 1934ರ ನವೆಂಬರ್ 4ರಂದು ಮದರಾಸಿನಲ್ಲಿ, ರಣಜಿ ಟ್ರೋಫಿಯ ಮೊಟ್ಟಮೊದಲನೆಯ ಪಂದ್ಯದಲ್ಲಿ, ನಮ್ಮ ಮೈಸೂರು ತಂಡವು 48 ಮತ್ತು 59 ಓಟಗಳಿಗೆ ಉರುಳಿ ಒಂದೇ ದಿನದಲ್ಲಿ ಆಟ ಮುಗಿಯಿತು. ಅದಕ್ಕೆ ಬ್ಯಾಟಿನ ಮರವನ್ನು ದೂರುವುದು ನ್ಯಾಯವಾಗಲಾರದು.

ಆಡಿದ ಬ್ಯಾಟಿನ ಮುಖದಲ್ಲಿ ಕೂದಲೆಳೆಯಂಥ ಬಿರುಕುಗಳು ಕಂಡರೆ ಗಾಬರಿ ಬೇಡ, ಅವು ಸಹಜ. ಅಂಚಿನಲ್ಲಿ ಸೀಳು ಬಿಟ್ಟರೆ ಮಾತ್ರ ಆಟವನ್ನು ಅಂದೇ ನಿಲ್ಲಿಸಿ, ಧೂಳನ್ನು ಊದಿ ತೆಗೆದು, ಬಡಗಿ ಬಳಸುವ ಅಂಟನ್ನು ಒಳಗಿಳಿಸಿ, ಬಿಗಿಯಾಗಿ ಕಟ್ಟಿ ಒಂದು ರಾತ್ರಿ ಬಿಡಬೇಕು. ಮರುದಿನ ನುಣ್ಣಗೆ ಉಜ್ಜಿ, ಗಟ್ಟಿ ದಾರವನ್ನೋ ಬ್ಯಾಟಿನ ಪಟ್ಟಿಯನ್ನೋ ಒತ್ತಾಗಿ ಸುತ್ತಬಹುದು. ಮೊದಲು ಅಂಟು, ಆಮೇಲೆ ಪಟ್ಟಿ. ಬರಿಯ ಪಟ್ಟಿಯನ್ನು ಸುತ್ತಿದರೆ ಸೀಳು ಕಣ್ಣಿಗೆ ಮರೆಯಾಗಿ ಒಳಗೆ ಬೆಳೆಯುತ್ತದೆ. ಹಿಡಿ ಅಲ್ಲಾಡುತ್ತಿದ್ದರೆ ಅದು ಮನೆಯ ಕೆಲಸವಲ್ಲ. ಬ್ಯಾಟು ರಿಪೇರಿ ಬಲ್ಲವರ ಕೈಗೆ ಕೊಟ್ಟು ಬೇರೆ ಹಿಡಿಯನ್ನು ಕೂಡಿಸಿಕೊಳ್ಳಬಹುದು. ಹಿಡಿ ಹೋಯಿತೆಂದು ಒಳ್ಳೆಯ ಅಲಗನ್ನು ಒಲೆಗೆ ಹಾಕುವ ಕಾರಣವಿಲ್ಲ.