ಬೌಲಿಂಗ್‌ನಲ್ಲಿ ಸ್ಟ್ರೈಕ್ ಬೀಳುತ್ತಿಲ್ಲವೇ? ರಟ್ಟೆಯ ಬಲ ಬಿಡಿ, ನಿಲ್ಲುವ ಜಾಗ ಬದಲಿಸಿ

ಬೌಲಿಂಗ್ ಎಂದರೆ ಉಪ್ಪಳ, ಮಂಜೇಶ್ವರ, ಕುಂಬಳೆ ಕಡೆಯ ಹುಡುಗರಿಗೆ ಕ್ರಿಕೆಟ್ಟೇ. ಕೆಲಸಕ್ಕೆಂದು ದುಬೈ, ದೋಹಾ, ದಮ್ಮಾಮ್ ಸೇರಿದ ಮೇಲೆ ಇನ್ನೊಂದು ಬೌಲಿಂಗ್‌ನ ಪರಿಚಯವಾಗುತ್ತದೆ. ಉದ್ದದ ಲೇನ್, ಆ ತುದಿಯಲ್ಲಿ ಹತ್ತು ಪಿನ್, ಕೈಯಲ್ಲಿ ಮೂರು ತೂತಿನ ಭಾರದ ಚೆಂಡು. ರಜೆಯ ದಿನ ರೂಮಿನವರೆಲ್ಲ ಸೇರಿ ಹೋಗುತ್ತಾರೆ. ಕೆಲವು ಕಂಪೆನಿಗಳು ಸ್ಟಾಫ್‌ಗೆಂದೇ ಟೂರ್ನಿ ಇಡುವುದೂ ಉಂಟು. ಹೋಗಿ ಬಂದವರ ದೂರು ಮಾತ್ರ ಒಂದೇ: ಎಷ್ಟು ಜೋರಾಗಿ ಎಸೆದರೂ ಒಂದೋ ಎರಡೋ ಪಿನ್ ನಿಂತೇ ಬಿಡುತ್ತದೆ ಮಾರಾಯ!

ತಪ್ಪು ಇರುವುದು ಆ ಜೋರಿನಲ್ಲೇ. ಊರಲ್ಲಿ ಅಂಡರ್‌ಆರ್ಮ್ ಕ್ರಿಕೆಟ್ ಆಡಿ ಬೆಳೆದವರಿಗೆ ಕೈ ಕೆಳಗಿನಿಂದ ಬೀಸುವುದು ಹೊಸತಲ್ಲ. ಆದರೆ ಟೆನ್ನಿಸ್ ಬಾಲ್‌ಗೆ ಕೊಡುವ ವೇಗ, ಮಣಿಕಟ್ಟಿನ ತಿರುವು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಮಣಿಕಟ್ಟು ನೋಯುತ್ತದೆ, ಅಷ್ಟೇ.

ಹತ್ತು ಪಿನ್ ತ್ರಿಕೋನದಲ್ಲಿ ನಿಂತಿರುತ್ತವೆ. ಎದುರಿಗೆ 1, ಹಿಂದಿನ ಸಾಲಿನಲ್ಲಿ ಎಡಕ್ಕೆ 2, ಬಲಕ್ಕೆ 3, ಹೀಗೆ ಕೊನೆಯ ಸಾಲಿನ ಬಲ ಮೂಲೆಯಲ್ಲಿ 10. ಹೊಸಬರೆಲ್ಲ 1ನೇ ಪಿನ್ನಿನ ನಡುಮಧ್ಯಕ್ಕೆ ಗುರಿ ಇಡುತ್ತಾರೆ. ಅಲ್ಲಿಗೆ ಬಡಿದರೆ ಚೆಂಡು ನಡುವಿನ ಪಿನ್‌ಗಳನ್ನು ಸೀಳಿಕೊಂಡು ಹೋಗುತ್ತದೆ, ಎರಡೂ ಬದಿಯವು ಹಾಗೇ ಉಳಿಯುತ್ತವೆ. ಇದಕ್ಕೆ ಸ್ಪ್ಲಿಟ್ ಎನ್ನುತ್ತಾರೆ. ಬಲಗೈಯವರು ಗುರಿ ಇಡಬೇಕಾದದ್ದು 1 ಮತ್ತು 3ರ ನಡುವಿನ ಸಂದಿಗೆ. ಅದರ ಹೆಸರು ಪಾಕೆಟ್. ಎಡಗೈಯವರಿಗೆ 1 ಮತ್ತು 2ರ ನಡುವೆ.

ಕೇರಂ ಆಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಕಾಯಿಯನ್ನು ಎಲ್ಲಿ ಕಟ್ ಮಾಡುತ್ತೀರೋ ಅದರ ಮೇಲೆ ಅದು ಹೋಗುವ ದಾರಿ. ಸರಿಯಾದ ಸ್ಟ್ರೈಕ್‌ನಲ್ಲಿ ಚೆಂಡು ತಾನಾಗಿ ಮುಟ್ಟುವುದು ನಾಲ್ಕೇ ಪಿನ್: 1, 3, 5, 9. ಉಳಿದ ಆರನ್ನು ಪಿನ್‌ಗಳೇ ಬೀಳಿಸುತ್ತವೆ. 1 ಹೋಗಿ 2ಕ್ಕೆ, 2 ಹೋಗಿ 4ಕ್ಕೆ, 4 ಹೋಗಿ 7ಕ್ಕೆ. ಈ ಕಡೆ 3ರಿಂದ 6, 6ರಿಂದ 10. ನಡುವೆ 5 ಹೋಗಿ 8ನ್ನು ಕೆಡವುತ್ತದೆ. ಮೊದಲ ತಾಗುವಿಕೆ ಸ್ವಲ್ಪ ಆಚೀಚೆ ಆದರೂ ಈ ಸರಪಳಿ ಎಲ್ಲೋ ಒಂದು ಕಡೆ ತುಂಡಾಗುತ್ತದೆ.

ಹಾಗಾದರೆ ಗುರಿ ಸರಿಪಡಿಸುವುದು ಹೇಗೆ? ಫೌಲ್ ಲೈನ್‌ನಿಂದ 1ನೇ ಪಿನ್‌ಗೆ 60 ಅಡಿ. ಅಷ್ಟು ದೂರ ನೋಡಿ ಎಸೆಯುವುದು ಕಷ್ಟ. ಅದಕ್ಕಾಗಿಯೇ ಸುಮಾರು 15 ಅಡಿಯಲ್ಲಿ ಏಳು ಬಾಣದ ಗುರುತು ಹಾಕಿರುತ್ತಾರೆ. ಬಲಗೈಯವರು ಬಲದಿಂದ ಎರಡನೇ ಬಾಣದ ಮೇಲೆ ಚೆಂಡು ಉರುಳಿಸಿ ಶುರು ಮಾಡಬಹುದು. ಕಣ್ಣು ಬಾಣದ ಮೇಲೇ ಇರಲಿ.

ಲೇನ್‌ನ ಅಗಲದಲ್ಲಿ 39 ಪಟ್ಟಿಗಳಿವೆ. ನಿಂತ ಜಾಗ ಒಂದು ಪಟ್ಟಿ ಎಡಕ್ಕೆ ಸರಿಸಿ ಅದೇ ಬಾಣದ ಮೇಲೆ ಎಸೆದರೆ, ಚೆಂಡು ಪಿನ್ ಬಳಿ ಸುಮಾರು ಮೂರು ಪಟ್ಟಿ ಬಲಕ್ಕೆ ಹೋಗುತ್ತದೆ. ಬಾಣದವರೆಗೆ 15 ಅಡಿ, ಅಲ್ಲಿಂದ ಪಿನ್‌ಗೆ 45 ಅಡಿ, ಅಂದರೆ ಮೂರು ಪಟ್ಟು. ಹೈಸ್ಕೂಲಿನ ತ್ರಿಕೋನದ ಲೆಕ್ಕವೇ. ಆದ್ದರಿಂದ ಚೆಂಡು ಯಾವ ಕಡೆಗೆ ತಪ್ಪಿತೋ ಕಾಲನ್ನು ಅದೇ ಕಡೆಗೆ ಸರಿಸಬೇಕು. ಪಾಕೆಟ್‌ನಿಂದ ಎಡಕ್ಕೆ ಹೋಗಿ 1ಕ್ಕೆ ಮುಖಾಮುಖಿ ಬಡಿಯಿತೇ, ಒಂದು ಪಟ್ಟಿ ಎಡಕ್ಕೆ ಬನ್ನಿ. ಬಲಕ್ಕೆ ಜಾರಿತೇ, ಬಲಕ್ಕೆ ಸರಿಯಿರಿ. ಹೆಚ್ಚಿನವರು ಕಾಲನ್ನು ಅಲ್ಲೇ ಇಟ್ಟು ಕೈ ತಿರುಗಿಸಿ ಸರಿಮಾಡಲು ಹೋಗುತ್ತಾರೆ, ಇದ್ದ ಗುರಿಯೂ ಕೆಡುತ್ತದೆ.

ಇನ್ನೊಂದು ವಿಷಯ ಕೋನ. ನೇರ ಚೆಂಡನ್ನು ಎಷ್ಟೇ ಮೂಲೆಯಿಂದ ಎಸೆದರೂ ಪಾಕೆಟ್‌ಗೆ ಅದರ ಕೋನ 2 ಡಿಗ್ರಿ ಮುಟ್ಟುವುದಿಲ್ಲ. ಬಾಗಿ ಬರುವ ಚೆಂಡಿಗೆ, ಅಂದರೆ ಹುಕ್‌ಗೆ, 6 ಡಿಗ್ರಿಯವರೆಗೂ ಸಿಗುತ್ತದೆ. ಸ್ಟ್ರೈಕ್ ಹೆಚ್ಚುವುದು ಅಲ್ಲೇ. ಹುಕ್ ಮಾಡಲು ಕೈ ಸಲಾಂ ಹೇಳಿ ಕೈಕುಲುಕುವಾಗ ಇರುವ ಹಾಗೆ ಬರಬೇಕು. ಹೆಬ್ಬೆರಳು ಮೊದಲು ಹೊರಬಂದು, ಕೊನೆಯ ಕ್ಷಣದಲ್ಲಿ ಎರಡು ಬೆರಳು ಚೆಂಡನ್ನು ಎತ್ತಿಬಿಡಬೇಕು. ಹೆಬ್ಬೆರಳು ತೂತಿನಲ್ಲಿ ಸಿಕ್ಕಿಕೊಂಡರೆ ಏನೂ ಆಗದು, ಹಾಗಾಗಿ ಸಡಿಲವಾಗಿ ಹೊಂದುವ ಚೆಂಡನ್ನೇ ಹುಡುಕಿ. ಮಾಲ್‌ಗಳ ಪ್ಲಾಸ್ಟಿಕ್ ಚೆಂಡು ಹೆಚ್ಚು ಬಾಗುವುದಿಲ್ಲ ಎಂಬುದೂ ನಿಜ. ಅದರಲ್ಲಿ ಪವಾಡ ನಿರೀಕ್ಷಿಸುವುದು ಬೇಡ. ತೂಕದಲ್ಲಿ ಹಟ ಬೇಡ. 16 ಪೌಂಡ್ ಗರಿಷ್ಠ ಮಿತಿ, ಹೊಸಬರಿಗೆ 12 ಸಾಕು. ತೀರಾ ಹಗುರವಾದರೆ 1ಕ್ಕೆ ತಾಗಿದ ಕೂಡಲೇ ಚೆಂಡೇ ಪಕ್ಕಕ್ಕೆ ಸರಿದು 5ನೇ ಪಿನ್ ಉಳಿಯುತ್ತದೆ.

ಮೊದಲ ಗೇಮ್‌ನಲ್ಲಿ ಚೆನ್ನಾಗಿ ಬಿದ್ದದ್ದು ಮೂರನೇ ಗೇಮ್‌ಗೆ ಬೀಳದಿದ್ದರೆ ಕಾರಣ ಎಣ್ಣೆ. ಲೇನ್‌ಗೆ ಸುಮಾರು 40 ಅಡಿಯವರೆಗೆ ಎಣ್ಣೆ ಹಚ್ಚಿರುತ್ತಾರೆ. ಜನ ಆಡಿದಂತೆ ಅದು ಕಡಿಮೆಯಾಗಿ ಹುಕ್ ಬೇಗ ತಿರುಗುತ್ತದೆ. ಆಗ ಕಾಲನ್ನೂ ಬಾಣವನ್ನೂ ಸ್ವಲ್ಪ ಎಡಕ್ಕೆ ಸರಿಸಿಕೊಳ್ಳಬೇಕು.

ಒಂದು ಸ್ಟ್ರೈಕ್‌ಗೆ ಹತ್ತರ ಜೊತೆ ಮುಂದಿನ ಎರಡು ಎಸೆತದ ಪಿನ್‌ಗಳೂ ಸೇರುತ್ತವೆ, ಬಡ್ಡಿ ಇದ್ದ ಹಾಗೆ. ಹತ್ತು ಫ್ರೇಮ್‌ನಲ್ಲೂ 9 ಮಾತ್ರ ಬಿದ್ದರೆ ಸ್ಕೋರ್ 90. ಪ್ರತಿ ಸಲ ಉಳಿದ ಒಂದನ್ನೂ ಎರಡನೇ ಎಸೆತದಲ್ಲಿ ಬೀಳಿಸಿದರೆ 190. ಸ್ಟ್ರೈಕ್ ಒಂದು, ಸ್ಪೇರ್ ಒಂದು ಎಂದು ಸರದಿಯಲ್ಲಿ ಬಂದರೆ 200. ಹನ್ನೆರಡೂ ಸ್ಟ್ರೈಕ್ ಆದರೆ 300. 90ಕ್ಕೂ 190ಕ್ಕೂ ನಡುವೆ ಇರುವುದು ಬರೀ ಒಂದೊಂದು ಪಿನ್. ಸ್ಟ್ರೈಕ್‌ನ ಹಿಂದೆ ಬಿದ್ದು ಸ್ಪೇರ್ ಮರೆಯುವವರು ಇದನ್ನು ನೋಡಬೇಕು.

ಅಂದ ಹಾಗೆ, ಸೋತವನು ಎಲ್ಲರ ದುಡ್ಡು ಕೊಡಬೇಕು ಎಂಬ ಪಂದ್ಯ ಕಟ್ಟುವ ರೂಢಿಯೂ ಇದೆ. ಅದು ಜೂಜಿನ ಲೆಕ್ಕಕ್ಕೆ ಬರುತ್ತದೆ ಎಂದು ಉಸ್ತಾದರು ಎಚ್ಚರಿಸುವುದುಂಟು. ಅವರವರ ಗೇಮ್‌ನ ದುಡ್ಡು ಅವರವರೇ ಕೊಟ್ಟರೆ ಆಯಿತು.

ಬಲಗೈಯವರಿಗೆ ಹೆಚ್ಚು ಕಾಡುವುದು ಮೂಲೆಯ 10ನೇ ಪಿನ್. ಅದಕ್ಕೆ ಪೂರಾ ಎಡಕ್ಕೆ ಹೋಗಿ ನಿಂತು, ನಡುವಿನ ಬಾಣದ ಮೇಲೆ ಅಡ್ಡಕ್ಕೆ, ಹುಕ್ ಇಲ್ಲದೆ ನೇರವಾಗಿ ಉರುಳಿಸಿ.